ಕಬುಘೊಳ ಕೆಂಪು ಆಳುಗಳು

ನನ್ನ ಅಕ್ಕ ಕಬುಘೊಳ ಉಪ್ಪಿನ ಪಾತಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರು. ಉಗಾಂಡದ ಕಟ್ವೆ ಎಂಬ ನಮ್ಮ ಉಪ್ಪುನೀರಿನ ಸರೋವರದ ಅಂಚಿನುದ್ದಕ್ಕೂ ಪಾತಿಗಳೇ. ಎಲ್ಲವೂ ಬಿಸಿಲಿಗೆ ಮೈಯೊಡ್ಡಿಕೊಂಡು ಕೆಂಪಗೆ ಹೊಳೆಯುತ್ತಿದ್ದವು. ಹೊದಿಕೆ ಹೊದ್ದು ಮಲಗಿದ್ದು ಅವಳದೊಂದೇ. ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಒಂದು ಕೊಕ್ಕರೆ ಬಂದು ಅದರ ಮೇಲೆ ಕೂತು, ತಾನು ಬರಬಾರದ ಮನೆಗೆ ಬಂದೆನೇನೋ ಎಂಬಂತೆ ಕತ್ತು ಹೊರಳಿಸಿ ನೋಡಿ ಎದ್ದು ಹೋಯಿತು.

ಹೊದಿಸಲು ಕಾರಣ ಒಂದು ಸಾವು. ಅಕ್ಕನ ಗಂಡ ಕುಲೆ ಹೋದ ವರ್ಷ ತೀರಿಕೊಂಡಿದ್ದ. ಈಗ ಅವನ ಅಣ್ಣ ಬಾಲುಕು ಸತ್ತಿದ್ದ. ನಮ್ಮಲ್ಲಿ ಸಾವಾದ ಮನೆತನದವರು ಹೆಣ ಮಣ್ಣಿಗೆ ಸೇರುವವರೆಗೆ ಪಾತಿಗೆ ಇಳಿಯುವುದಿಲ್ಲ, ಉಪ್ಪು ಹಾಕಿದ ಊಟ ಮಾಡುವುದಿಲ್ಲ. ಸಾಮಾನ್ಯವಾಗಿ ಅದೇನು ದೊಡ್ಡ ಕಷ್ಟವಲ್ಲ, ಎರಡು ಹೊತ್ತಿನ ಮಾತು. ಆದರೆ ಬಾಲುಕುವಿಗೆ ಇಬ್ಬರು ಹೆಂಡತಿಯರು. ಹಿರಿಯಳು ಬೀರಾ, ಅವಳ ಮನೆ ಇಲ್ಲೇ ಸರೋವರದ ಪಕ್ಕ. ಕಿರಿಯಳು ಇಥುಂಗು, ಅವಳ ಮನೆ ಮೇಲೆ ಬೆಟ್ಟದಲ್ಲಿ. ಯಾರ ಹಿತ್ತಿಲಲ್ಲಿ ಹೂಳಬೇಕು ಎಂಬ ಜಗಳ ಹತ್ತಿಕೊಂಡಿತು. ಬದುಕಿದ್ದಾಗ ಬಾಲುಕು ಯಾವ ಮನೆಯಲ್ಲೂ ಸರಿಯಾಗಿ ನಿಂತವನಲ್ಲ. ಸತ್ತ ಮೇಲೆ ಎರಡೂ ಮನೆಯವರಿಗೆ ಅವನು ಬೇಕೇ ಬೇಕು. ಅವನು ಮಾತ್ರ ಕಾಸೆಸೆಯ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಯಾರ ತಂಟೆಗೂ ಹೋಗದೆ ಮಲಗಿದ್ದ.

ನಮ್ಮ ಅಕ್ಕನಿಗೆ ತಡ ಮಾಡುವಂತಿರಲಿಲ್ಲ. ಇಲ್ಲಿಯ ಪದ್ಧತಿಯ ಪ್ರಕಾರ ವಿಧವೆಯಾದವಳು ಗಂಡನ ಪಾತಿಯಲ್ಲಿ ಮೊದಲ ಬೇಸಿಗೆಯಲ್ಲೇ, ಮಳೆ ಬೀಳುವ ಮುಂಚೆ, ಉಪ್ಪು ಕಟ್ಟಿಸಿ ತೋರಿಸಬೇಕು. ತಾನೇ ದುಡಿದಾದರೂ ಸರಿ, ಆಳುಗಳನ್ನಿಟ್ಟಾದರೂ ಸರಿ. ಪಾತಿಗಳ ಹಿರಿಯ ಬಂದು ಉಪ್ಪಿನ ಹಕ್ಕಳೆಯ ಮೇಲೆ ತನ್ನ ಕೋಲನ್ನು ನೆಟ್ಟಗೆ ಊರುತ್ತಾನೆ. ಕೋಲು ನಿಂತರೆ ಪಾತಿ ಅವಳದು, ಅವಳ ನಂತರ ಅವಳ ಹೆಣ್ಣುಮಕ್ಕಳದು. ಮುಳುಗಿದರೆ ಗಂಡನ ಅಣ್ಣನ ಮನೆಗೆ ವಾಪಸ್ಸು. ಅಂದರೆ ಈಗ ಬೀರಾಳ ಮನೆಗೆ. ಆ ಪಾತಿ ಬಿಟ್ಟರೆ ಅಕ್ಕನಿಗೆ ಇನ್ನೇನೂ ಇಲ್ಲ. ನನಗಂತೂ ಇಲ್ಲವೇ ಇಲ್ಲ. ನಾನು ಅವಳ ಮನೆಯಲ್ಲೇ ಉಂಡುಕೊಂಡು, ಲಾರಿಗೆ ಹೋಗುವ ಉಪ್ಪಿನ ಚೀಲಗಳ ಬಾಯಿಯನ್ನು ದಬ್ಬಳದಲ್ಲಿ ಹೊಲಿಯುವವನು.

ಇನ್ನು ಟಾರ್ಪಾಲಿನ ವಿಷಯ. ಸೂತಕ ಬಂದಾಗ ಮನುಷ್ಯರು ಸುಮ್ಮನಿರುತ್ತಾರೆ, ಪಾತಿ ತನ್ನ ಪಾಡಿಗೆ ಒಣಗುತ್ತಿರುತ್ತದೆ. ಯಾರೂ ಅದಕ್ಕೆ ಹೊದಿಕೆ ಹೊದಿಸಿದ್ದಿಲ್ಲ. ಅಕ್ಕನ ಪಾತಿಗೆ ಆ ಗತಿ ಬಂದದ್ದು ಅವಳ ಬಾಯಿಂದ. ಅವಳ ಬಾಯಿಗೆ ಆ ಮಾತು ಹೋದದ್ದು ನನ್ನಿಂದ.

ನಾನು ಸಂಜೆ ಶಾಲೆಗೆ ಹೋಗುತ್ತೇನೆ. ಪೂರ್ತಿ ಕತ್ತಲಾದರೆ ನೀರಾನೆಗಳು ಶಾಲೆಯ ಅಂಗಳಕ್ಕೆ ಮೇಯಲು ಬರುತ್ತವೆ, ಆದ್ದರಿಂದ ಎಷ್ಟೋ ಪಾಠಗಳು ಅರ್ಧಕ್ಕೇ ನಿಲ್ಲುತ್ತವೆ. ನನ್ನ ತಿಳಿವಳಿಕೆಯಲ್ಲಿ ಅರ್ಧ ಅರ್ಧ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು. ಬಗೊಂಜಾ ಮೇಷ್ಟ್ರು ಒಂದು ದಿನ ನಮ್ಮ ಪಾತಿಗಳ ಕೆಂಪು ನೀರಿನ ಬಗ್ಗೆ ಪಾಠ ಮಾಡಿದರು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ತಪ್ಪಿದ್ದರೆ ಅದು ಮೇಷ್ಟ್ರದ್ದಲ್ಲ.

ಆ ಕೆಂಪು ಬರೀ ಬಣ್ಣವಲ್ಲ, ಜೀವಿಗಳು. ಕಣ್ಣಿಗೆ ಕಾಣದಷ್ಟು ಸಣ್ಣವು, ಉಪ್ಪು ಗಟ್ಟಿಯಾದಷ್ಟೂ ಅವಕ್ಕೆ ಸುಖ. ಅವುಗಳ ಮೈಯ ಪೊರೆಯಲ್ಲಿ ಅಲ್ಲಲ್ಲಿ ನೇರಳೆ ಬಣ್ಣದ ತೇಪೆಗಳಿರುತ್ತವೆ. ನಮ್ಮ ಕಣ್ಣಿನೊಳಗೆ ಬೆಳಕನ್ನು ಹಿಡಿಯುವ ವಸ್ತುವಿನ ದಾಯಾದಿಯೇ ಆ ತೇಪೆಯಲ್ಲೂ ಇದೆಯಂತೆ. ಬಿಸಿಲು ತಾಗಿದೊಡನೆ ಅದು ಸೊಂಟ ತಿರುಚಿದ ಹಾಗೆ ಬಾಗುತ್ತದೆ, ಬಾಗುವಾಗ ಒಳಗಿನ ಒಂದು ಕಣವನ್ನು ಹೊರಗೆ ನೂಕುತ್ತದೆ. ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ, ಮತ್ತೊಂದನ್ನು ನೂಕುತ್ತದೆ. ಹೀಗೆ ದಿನವಿಡೀ. ಹೊರಗೆ ಕಣಗಳ ನೂಕುನುಗ್ಗಲಾಗುತ್ತದೆ. ಅವಕ್ಕೆಲ್ಲ ವಾಪಸು ಒಳಗೆ ಬರಬೇಕು. ಆದರೆ ಬರುವ ಬಾಗಿಲೇ ಬೇರೆ, ಇಕ್ಕಟ್ಟಾದದ್ದು, ಅದರಲ್ಲೊಂದು ತಿರುಗುವ ಚಕ್ರ. ನುಗ್ಗುವ ಪ್ರತಿಯೊಂದು ಕಣವೂ ಚಕ್ರವನ್ನು ಅಷ್ಟಿಷ್ಟು ತಿರುಗಿಸಿಯೇ ಒಳಗೆ ಬರಬೇಕು. ಆ ಚಕ್ರ ತಿರುಗಿದಂತೆ, ಗಿರಣಿಯಲ್ಲಿ ಹಿಟ್ಟು ಬಿದ್ದ ಹಾಗೆ, ಒಳಗೆ ಶಕ್ತಿ ತಯಾರಾಗುತ್ತದೆ. ಜೀವಿ ಅದರಲ್ಲಿ ಬದುಕುತ್ತದೆ.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಮರಗೆಣಸಿನ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಿ ಕೇಳಿದಳು.

"ಅಂದ್ರೆ ಒಳಗಿರೋರನ್ನ ಆಚೆಗೆ ತಳ್ಳೋದು, ಆಮೇಲೆ ಒಳಗೆ ಬರ್ಬೇಕಾದ್ರೆ ಗೇಟಲ್ಲಿ ವಸೂಲಿ ಮಾಡೋದು. ನಮ್ಮ ಅಭಯಾರಣ್ಯದೋರು ಮಾಡೋ ಕೆಲ್ಸಾನೆ ಅಲ್ವೇನೋ ಇದು?"

ನಮ್ಮೂರಿನ ಸುತ್ತಲೂ ಪ್ರಾಣಿಗಳ ಅಭಯಾರಣ್ಯ, ಒಳಗೆ ಕಾಲಿಡಬೇಕಾದರೆ ಗೇಟಿನಲ್ಲಿ ದುಡ್ಡು ಕಟ್ಟಬೇಕು; ಆದರೂ ಮೇಷ್ಟ್ರು ಅವರ ಹೆಸರು ಎತ್ತಿರಲಿಲ್ಲ. ಅವಳಿಗೆ ಮಾತ್ರ ವಿಷಯ ತುಂಬ ಹಿಡಿಸಿತು. ಮರುದಿನ ಪಾತಿಯ ಹತ್ತಿರ ಬಾಲುಕು, ಆಗ ಬದುಕಿದ್ದ, ಆಳಿಲ್ಲದ ಹೆಂಗಸು ಪಾತಿ ಇಟ್ಟುಕೊಂಡು ಏನು ಮಾಡುತ್ತೀಯಮ್ಮ ಎಂದು ಎಲ್ಲರೆದುರು ಹಂಗಿಸಿದ. ಅಕ್ಕ ನೀರಿನೊಳಗಿಂದಲೇ ಉತ್ತರ ಕೊಟ್ಟಳು.

"ಆಳಾ ಭಾವ? ನನ್ನ ಪಾತೀಲಿರೋಷ್ಟು ಆಳು ನಿಮ್ಮ ಇಡೀ ಕುಲದಲ್ಲಿಲ್ಲ. ಕೆಂಪು ಆಳುಗಳು. ಬಿಸಿಲು ಬಿದ್ರೆ ಸಾಕು, ಗೇಯ್ತಾ ಇರ್ತವೆ. ಕೂಲಿ ಕೇಳಲ್ಲ, ನಿಮ್ಮ ಹಾಗೆ ಮಧ್ಯಾಹ್ನ ನಿದ್ದೇನೂ ಮಾಡಲ್ಲ."

ಎಲ್ಲರೂ ನಕ್ಕರು. ಬಾಲುಕುವೂ ನಕ್ಕ. ನಗದೆ ಇದ್ದವನು ಒಬ್ಬನೇ, ಥೆಂಬೊ. ಅವನು ಬಾಲುಕುವಿನ ಚಿಕ್ಕಪ್ಪನ ಮಗ, ಪಾತಿಗಳ ಹಿರಿಯ, ಕೋಲು ಹಿಡಿದವನು. ಒಳ್ಳೆಯ ಮನುಷ್ಯನೇ. ಆದರೆ ಯಾರಾದರೂ ತಮಾಷೆ ಮಾಡಿದರೆ ಅವನು ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಯೋಚಿಸುತ್ತಾನೆ.

ಆ ವಾರವೇ ಬಾಲುಕು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಮರುದಿನ ಥೆಂಬೊ ಟಾರ್ಪಾಲು ಹೊರಿಸಿಕೊಂಡು ಬಂದ. ಸೂತಕದ ಮನೆಯ ಆಳುಗಳೂ ಕೆಲಸ ಮಾಡಬಾರದು, ಇದು ಹಿಂದಿನಿಂದ ಬಂದದ್ದು ಎಂದ. ಅಕ್ಕ ತಾನು ಹೇಳಿದ್ದು ತಮಾಷೆಗೆ ಎಂದಳು.

"ಯಾವುದು ತಮಾಷೆ?" ಥೆಂಬೊ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ. "ಅವು ಇರೋದಾ, ಗೇಯೋದಾ?"

ಆಮೇಲೆ ನನ್ನ ಕಡೆ ತಿರುಗಿದ. "ಮುಹಿಂಡೊ, ನೀನು ಸಂಜೆ ಶಾಲೆಗೆ ಹೋಗೋನು. ಹೇಳಪ್ಪ. ಇವು ಬಿಸಿಲಲ್ಲಿ ಕೆಲಸ ಮಾಡ್ತವೋ ಇಲ್ವೋ?"

ಮಾಡ್ತವೆ ಎಂದೆ. ಬೇರೆ ಏನು ಹೇಳಬಹುದಿತ್ತು ಎಂದು ಈಗಲೂ ನನಗೆ ಹೊಳೆಯುವುದಿಲ್ಲ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಪಾತಿಯ ನೀರು ಇನ್ನೊಂದಿಷ್ಟು ಆವಿಯಾಗಿರಬೇಕು.

ದಿನಗಳು ಹೋದವು. ಉಪ್ಪಿಲ್ಲದ ಮೀನು, ಉಪ್ಪಿಲ್ಲದ ಹುರುಳಿ, ಉಪ್ಪಿಲ್ಲದ ಗೆಣಸಿನ ಸೊಪ್ಪು. ಸುತ್ತ ಎತ್ತ ನೋಡಿದರೂ ಉಪ್ಪಿನ ರಾಶಿ, ನಮ್ಮ ತಟ್ಟೆಯಲ್ಲಿ ಮಾತ್ರ ಇಲ್ಲ. ನಾನು ಚೀಲ ಹೊಲಿಯುವಾಗ ಬೆರಳಿಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ. ಆ ಪ್ಯಾಂಟನ್ನು ಎಷ್ಟು ಹೊತ್ತು ನೋಡಬಹುದು ಎಂಬ ಬಗ್ಗೆ ಪದ್ಧತಿ ಏನೂ ಹೇಳಿಲ್ಲ. ಮನೆತನದವರೆಲ್ಲ ಸಿಡುಕರಾದರು. ಬೆಟ್ಟಕ್ಕೆ ಮಾತುಕತೆಗೆ ಹೋದವರು ಇನ್ನೂ ದೊಡ್ಡ ಜಗಳ ಹೊತ್ತುಕೊಂಡು ಬಂದರು. ರುವೆಂಜೊರಿ ಬೆಟ್ಟದ ಮೇಲೆ ಮೋಡ ಕಟ್ಟತೊಡಗಿತು. ಅಕ್ಕ ಟಾರ್ಪಾಲಿನ ಒಂದು ಅಂಚನ್ನು ಎತ್ತಿ ಇಣುಕಿದಳು. ಕೆಂಪು ಕಂದಿತ್ತು. ನೀರು ಒಂದಿಷ್ಟೂ ಇಳಿದಿರಲಿಲ್ಲ. ಅಂಚಿನಲ್ಲಿ ಕಟ್ಟಿದ್ದ ತೆಳು ಹಕ್ಕಳೆಯೂ ಕರಗುತ್ತಿತ್ತು.

ಅಂದು ಅವಳು ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಹೋಗಿ ನಿನ್ನ ಮೇಷ್ಟ್ರನ್ನ ಕೇಳು," ಎಂದಳು. "ಕತ್ತಲೇಲಿ ಅವು ಏನು ಮಾಡ್ತವೆ ಅಂತ. ಸುಮ್ನೆ ಬಿದ್ಕೊಂಡಿರಲ್ಲ. ಬಿದ್ಕೊಂಡಿರೋ ಜಾತಿ ಅಲ್ಲ ಅವು."

ಮೇಷ್ಟ್ರನ್ನು ಕೇಳಿದೆ. ಅವರು ಸೈಕಲ್ಲಿನ ಚೈನು ಹಾಕುತ್ತಿದ್ದರು. ಬೆಳಕಿಲ್ಲದಿದ್ದರೆ ಅವು ಎಲ್ಲ ಪ್ರಾಣಿಗಳ ಹಾಗೆ ತಿಂದು ಬದುಕುತ್ತವೆ ಎಂದರು. ನೀರಿನಲ್ಲಿ ಸತ್ತದ್ದು, ಕೊಳೆತದ್ದು, ಕರಗಿದ್ದು, ಏನು ಸಿಕ್ಕರೆ ಅದು. ಬೆಳಕಿದ್ದರೆ ತಿನ್ನುವ ಅಗತ್ಯ ತುಂಬಾ ಕಡಿಮೆಯಾಗುತ್ತದೆ. ನಾನು ಓಡುತ್ತ ಬಂದು ಅಕ್ಕನಿಗೆ ಹೇಳಿದೆ. ಅವಳು ಕೈ ತೊಳೆದುಕೊಂಡಳು. ಆಮೇಲೆ ಲೇಸು ಹಿಡಿದ ತನ್ನ ಒಳ್ಳೆಯ ಉಡುಪು ಹಾಕಿಕೊಂಡು ಥೆಂಬೊನ ಮನೆಗೆ ನಡೆದಳು.

ಸಭೆ ಸೇರಿದ್ದು ಮೇಲೆ ದಿಬ್ಬದ ಕಳ್ಳಿಮರದ ಕೆಳಗೆ. ಥೆಂಬೊ ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಬೀರಾ ಮುಂದಿನ ಚಾಪೆಯಲ್ಲೇ ಕೂತಿದ್ದಳು. ಅಕ್ಕ ಕೈಕಟ್ಟಿ ನಿಂತು ಹೇಳಿದಳು: "ಭಾವನೋರೆ, ನೀವು ನನ್ನ ಆಳುಗಳಿಗೆ ಕೆಲಸ ಬಿಡಿಸಿದ್ರಿ. ಒಪ್ಕೊಂಡೆ. ಆದ್ರೆ ಕತ್ತಲೆ ಮಾಡಿದ ದಿನದಿಂದ ಅವು ಊಟಕ್ಕೆ ಕೂತ್ಕೊಂಡಿವೆ. ಹೆಣ ಇನ್ನೂ ಮಣ್ಣಾಗಿಲ್ಲ. ಉಣ್ಣೋದು ಅಂದ್ರೆ ಎಂಥಾ ಊಟ? ಅವು ಇರೋದೇ ಉಪ್ಪಿನ ನೀರಲ್ಲಿ."

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ನಗು ಅಲ್ಲ. ವಾರಗಟ್ಟಲೆ ಸಪ್ಪೆ ತಿಂದವರಿಗೆ, ತಮ್ಮ ಆಳುಗಳು ಟಾರ್ಪಾಲಿನ ಮರೆಯಲ್ಲಿ ಉಪ್ಪುಪ್ಪಾಗಿ ಉಣ್ಣುತ್ತಿವೆ ಎಂಬ ಸುದ್ದಿ ಹೊಟ್ಟೆಗೇ ತಾಗಿತು. ಹಿಂದಿನ ಸಾಲಿನ ಒಬ್ಬ ಮುದುಕ, ಅದಕ್ಕೇ ಬಾಲುಕುವಿನ ಆತ್ಮ ಯಾವ ಹಿತ್ತಿಲನ್ನೂ ಒಪ್ಪುತ್ತಿಲ್ಲ ಎಂದ.

ಥೆಂಬೊ ಬೆವರಿದ. ಅವನ ಕಷ್ಟ ನನಗೆ ಕಾಣುತ್ತಿತ್ತು. ತೆರೆದಿಟ್ಟರೆ ಗೇಯುತ್ತವೆ, ಮುಚ್ಚಿದರೆ ಉಣ್ಣುತ್ತವೆ. ಪದ್ಧತಿ ಎರಡನ್ನೂ ಬಿಡುವುದಿಲ್ಲ. ಅವನು ಕೋಲನ್ನು ಆ ಕಡೆ ಈ ಕಡೆ ಉರುಳಿಸಿದ. ಕೊನೆಗೆ ನನ್ನನ್ನು ಕರೆದ.

"ಮುಹಿಂಡೊ. ಬೆಳಕಿದ್ರೆ ಅವು ತಿನ್ನೋದೇ ಇಲ್ಲ ಅಂತೀಯಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಮೇಷ್ಟ್ರು ತುಂಬಾ ಕಡಿಮೆ ಎಂದಿದ್ದರು, ಇಲ್ಲ ಎಂದಿರಲಿಲ್ಲ. ಸೈಕಲ್ ಚೈನಿನ ಸದ್ದಿನಲ್ಲಿ ನಾನೇ ಸರಿಯಾಗಿ ಕೇಳಿಸಿಕೊಳ್ಳದೆ ಇದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ಕೇಳಿಸಿತ್ತು.

"ಸ್ವಲ್ಪ ತಿಂತವೆ ಹಿರೀಕರೆ," ಎಂದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಬೀರಾ ಚಾಪೆಯ ಮೇಲೆ ನೆಟ್ಟಗೆ ಕೂತಳು.

"ಎಷ್ಟು ಸ್ವಲ್ಪ?" ಎಂದ ಥೆಂಬೊ.

ಎಷ್ಟು ಸ್ವಲ್ಪ ಎಂದು ನನಗೇನು ಗೊತ್ತು? ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ. "ಸೂತಕದ ಮನೇಲಿ ನೆಂಟರಿಗೆ ಉಪ್ಪು ಹಾಕಿ ಅಡುಗೆ ಮಾಡ್ತಾರಲ್ಲ... ಸರಿಯಾಗಿದ್ಯಾ ಅಂತ ಅಡುಗೆಯೋರು ನಾಲಿಗೆ ಮೇಲೆ ಒಂಚೂರು ಹಾಕ್ಕೊಂಡು ನೋಡ್ತಾರಲ್ಲ. ಅಷ್ಟು ಅನ್ಸುತ್ತೆ."

ಹೆಂಗಸರೆಲ್ಲ ನೆಲ ನೋಡಿದರು. ಬೀರಾ ತನ್ನ ಉಗುರು ನೋಡಿಕೊಂಡಳು. ಅವಳ ಮನೆಯಲ್ಲಿ ನೆಂಟರು ಹೆಚ್ಚು, ಆ ದಿನಗಳಲ್ಲಿ ಅವಳು ತೆಳ್ಳಗೇನೂ ಆಗಿರಲಿಲ್ಲ. ಥೆಂಬೊನ ಹೆಂಡತಿಗೆ ಕೆಮ್ಮು ಬಂತು. ಥೆಂಬೊ ಅವಳನ್ನು ತುಂಬ ಹೊತ್ತು ನೋಡಿದ, ಏನನ್ನೋ ಅರ್ಥ ಮಾಡಿಕೊಂಡವನ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ:

"ರುಚಿ ನೋಡೋದು ಊಟ ಅಲ್ಲ. ಅದನ್ನ ಹಿಂದಿನೋರೂ ಊಟ ಅಂತ ಲೆಕ್ಕಕ್ಕೆ ಹಿಡಿದಿಲ್ಲ."

ಹೊದಿಕೆ ತೆಗೆಯಬಹುದು ಎಂದಾಯಿತು. ಆದರೆ ಸೂತಕದಲ್ಲಿ ಆಳುಗಳನ್ನು ದುಡಿಸುವ ಒಡತಿ ದಂಡ ಕೊಡಲೇಬೇಕು: ತಲೆಗೊಂದು ಕೋಳಿ. ತಲೆ ಎಷ್ಟು ಎಂದು ಥೆಂಬೊ ಮತ್ತೆ ನನ್ನನ್ನೇ ಕೇಳಿದ. ಒಂದು ಚಮಚ ನೀರಿನಲ್ಲಿ ಇಡೀ ಕಾಸೆಸೆ ಜಿಲ್ಲೆಯ ಜನಕ್ಕಿಂತ ಹೆಚ್ಚಿರಬಹುದು, ತಲೆ ಇದೆಯೋ ಇಲ್ಲವೋ ಖಾತ್ರಿಯಿಲ್ಲ ಎಂದೆ. ಅಷ್ಟು ಕೋಳಿ ಉಗಾಂಡದಲ್ಲೇ ಇಲ್ಲವೆಂದು ಯಾರೋ ಹೇಳಿದರು. ಕಾಂಗೋದ ಕಡೆಯಿಂದ ತರಿಸಬಹುದೇ ಎಂಬ ಮಾತೂ ಗಂಭೀರವಾಗಿಯೇ ನಡೆಯಿತು. ಕೊನೆಗೆ ಎಲ್ಲರ ಪರವಾಗಿ ಅವುಗಳ ಮೇಸ್ತ್ರಿಯ ತಲೆಗೆ ಒಂದು ಕೋಳಿ ಎಂದು ಇತ್ಯರ್ಥವಾಯಿತು. ಮೇಸ್ತ್ರಿ ಯಾರು ಎಂಬುದನ್ನು ಅವರವರಲ್ಲೇ ತೀರ್ಮಾನಿಸಿಕೊಳ್ಳಲಿ ಎಂದು ಬಿಟ್ಟರು.

ಅಕ್ಕ ದಂಡವನ್ನು ಮರುದಿನಕ್ಕೆ ಬಿಡಲಿಲ್ಲ. ಎಲ್ಲರೆದುರು ಕೊಡಬೇಕೆಂದು ಹಟ ಹಿಡಿದು, ಸಭೆ ಚದುರುವ ಮುಂಚೆಯೇ ಕಪ್ಪು ಹುಂಜವೊಂದನ್ನು ತರಿಸಿ ಅವನ ಕೈಗೇ ಕೊಟ್ಟಳು. "ನನ್ನ ಆಳುಗಳ ದಂಡ, ಭಾವನೋರೆ," ಎಂದು ಗಟ್ಟಿಯಾಗಿ ಹೇಳಿದಳು. ಥೆಂಬೊ ತೆಗೆದುಕೊಂಡ. ಹುಂಜವನ್ನು ಅವರು ಸಪ್ಪೆಯಾಗಿ ಬೇಯಿಸಿ ತಿಂದರಂತೆ.

ಹೊದಿಕೆ ತೆಗೆದ ಮೇಲೆ ಪಾತಿ ಒಂದೆರಡು ದಿನ ಮಂಕಾಗಿಯೇ ಇತ್ತು. ನಾನು ದಿನವೂ ಕೆಲಸ ಮುಗಿಸಿ ಅದರ ದಂಡೆಯಲ್ಲಿ ಕೂತು ನೋಡುತ್ತಿದ್ದೆ. ನಮಗೆ ಅದನ್ನು ಮುಟ್ಟುವ ಹಾಗಿರಲಿಲ್ಲ, ಕೆಸರಿನ ಕಟ್ಟೆ ಬಿರಿದರೂ ಮೆತ್ತುವಂತಿರಲಿಲ್ಲ. ಕೂತು ನೋಡುವುದಷ್ಟೇ. ಆಮೇಲೆ ಒಂದು ಬೆಳಗ್ಗೆ ನೀರು ನಸುಗೆಂಪಾಗಿತ್ತು, ಮಧ್ಯಾಹ್ನದ ಹೊತ್ತಿಗೆ ಇನ್ನೂ ಗಾಢ. ನೀರು ಕೆಂಪಾದಷ್ಟೂ ಬಿಸಿಲನ್ನು ಹೀರುತ್ತದೆ, ಬಿಸಿಯಾಗುತ್ತದೆ, ಬೇಗ ಒಣಗುತ್ತದೆ. ಒಳಗೆ ಆ ನೇರಳೆ ತೇಪೆಗಳು ಸೊಂಟ ತಿರುಚಿ ತಿರುಚಿ ಕಣಗಳನ್ನು ಆಚೆ ನೂಕುತ್ತಿರುವುದನ್ನೂ, ಅವು ಇಕ್ಕಟ್ಟಿನ ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದು ಚಕ್ರ ತಿರುಗಿಸುತ್ತಿರುವುದನ್ನೂ ನೆನೆದರೆ ನನಗೆ ಕೂತಲ್ಲೇ ಆಯಾಸವಾಗುತ್ತಿತ್ತು. ಅಷ್ಟು ದುಡಿತ, ಒಂದಿಷ್ಟೂ ಸದ್ದಿಲ್ಲ.

ಅಕ್ಕ ಮಾತ್ರ ಅವಕ್ಕೆ ಬೈಯುತ್ತಿದ್ದಳು. ಒಡತಿ ಬೈಯದಿದ್ದರೆ ಆಳುಗಳು ಸಡಿಲ ಬೀಳುತ್ತವೆ ಎನ್ನುತ್ತಿದ್ದಳು.

ಹಕ್ಕಳೆ ಅಂಚಿನಿಂದ ಕಟ್ಟುತ್ತ ಬಂತು. ಮೋಡವೂ ಬೆಟ್ಟದಿಂದ ಇಳಿಯುತ್ತ ಬಂತು. ಪಾತಿಯ ನಡುವೆ ಒಂದು ಮೊರದಷ್ಟು ತೆರಪು ಉಳಿದಿದ್ದಾಗ ಗಾಳಿ ತಿರುಗಿ, ಒದ್ದೆ ಮಣ್ಣಿನ ವಾಸನೆ ಹೊತ್ತುಕೊಂಡು ಬಂತು. ಅಕ್ಕ ನನ್ನನ್ನು ಥೆಂಬೊನ ಮನೆಗೆ ಅಟ್ಟಿ, ತಾನು ಒಳ್ಳೆಯ ಉಡುಪು ಹಾಕಿಕೊಂಡಳು. ಅವನು ಕೋಲು ಹಿಡಿದುಕೊಂಡು ಬಂದ, ಅವನ ಹಿಂದೆ ಅರ್ಧ ಊರು, ಎಲ್ಲರಿಗಿಂತ ಮುಂದೆ ಬೀರಾ.

"ಕೋಲು ಊರ್ಬೇಡಿ," ಎಂದಳು ಬೀರಾ. "ಇವಳು ಪಾತಿಗೆ ಕಾಲಿಟ್ಟಿಲ್ಲ. ಕೈ ಅದ್ದಿಲ್ಲ. ದಂಡೇಲಿ ಕೂತ್ಕೊಂಡು ಬೈತಿದ್ಲು ಅಷ್ಟೇ. ಬಿಸಿಲಿಗೆ ತಾನಾಗೇ ಕಟ್ಟಿದ ಉಪ್ಪು ಇವಳದು ಹೆಂಗಾಗುತ್ತೆ?"

ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು.

ಅಕ್ಕ ಆತುರಪಡಲಿಲ್ಲ. "ಆಳುಗಳು ಕಟ್ಟಿದ್ದು," ಎಂದಳು.

"ಯಾವ ಆಳುಗಳು?"

"ಆ ಹುಂಜ ಯಾರ ದಂಡಕ್ಕೆ ತಿಂದ್ರು ಅಂತ ಭಾವನೋರನ್ನೇ ಕೇಳು."

ಎಲ್ಲರೂ ಥೆಂಬೊನ ಕಡೆ ನೋಡಿದರು. ಅವನು ಆಕಾಶ ನೋಡಿದ, ಪಾತಿ ನೋಡಿದ, ನೆಲ ನೋಡಿದ. ಇನ್ನೊಂದು ಹನಿ, ಮತ್ತೊಂದು. ಅವನು ಯೋಚಿಸದೆ ಏನನ್ನೂ ಮಾಡುವವನಲ್ಲ. ಆ ಯೋಚನೆ ಮುಗಿಯುವಷ್ಟರಲ್ಲಿ ಉಪ್ಪೆಲ್ಲ ಕರಗಿ ಹೋಗುತ್ತದೆಂದು ನನಗೆ ಖಾತ್ರಿಯಾಯಿತು. ಬೇಗ ಮಾಡಿ ಹಿರೀಕರೆ ಎನ್ನಲು ಬಾಯಿ ತೆರೆದೆ, ಅದು ಅಗೌರವವಾಗುತ್ತದೇನೋ ಎಂದು ಮುಚ್ಚಿದೆ.

"ಹುಂಜ ತಿಂದಿದ್ದೀನಿ," ಎಂದ ಥೆಂಬೊ ಕೊನೆಗೆ. "ಆಳುಗಳಿಲ್ಲ ಅಂದ್ರೆ ನಾನು ಸೂತಕದಲ್ಲಿ ವಿಧವೆ ಕೋಳೀನ ಸುಮ್ಸುಮ್ನೆ ತಿಂದ ಹಾಗಾಗುತ್ತೆ."

ಅವನು ಕೆಸರಿನ ಕಟ್ಟೆಯ ಮೇಲೆ ಹತ್ತಿ ಬಾಗಿ ಹಕ್ಕಳೆಯ ಮೇಲೆ ಕೋಲು ಊರಿದ. ಕಟಕ್ಕೆಂದಿತು. ಕೈ ಬಿಟ್ಟ. ಕೋಲು ನಿಂತಿತು. ಮಳೆ ಅದರ ಸುತ್ತ ಗುಳಿ ಗುಳಿ ಮಾಡತೊಡಗಿತು, ಆದರೂ ನಿಂತಿತ್ತು. ನಿಂತದ್ದನ್ನು ಎಲ್ಲರೂ ನೋಡಿದರು, ಬೀರಾಳೂ ನೋಡಿದಳು. ಆಮೇಲೆ ನಿಧಾನಕ್ಕೆ ವಾಲಿ ಬಿತ್ತು.

ಆ ಮಳೆಗೆ ಉಪ್ಪೇನೂ ಉಳಿಯಲಿಲ್ಲ. ಪಾತಿ ಉಳಿಯಿತು. ಅಕ್ಕ ನೆನೆಯುತ್ತ ದಂಡೆಯಲ್ಲೇ ಕೂತಿದ್ದಳು, ಒಳ್ಳೆಯ ಉಡುಪಿನಲ್ಲೇ, ಬೈಗುಳವಿಲ್ಲದೆ.

ಮಳೆ ಶುರುವಾದ ಮೇಲೆ ಬೆಟ್ಟದ ದಾರಿ ಕೆಸರಾಗಿ, ಶವ ಹೊತ್ತ ಗಾಡಿ ಅಲ್ಲಿಗೆ ಹತ್ತದು ಎಂದು ಡ್ರೈವರು ಕೈಯೆತ್ತಿದ. ಹೀಗೆ ಬಾಲುಕು ಬೀರಾಳ ಹಿತ್ತಿಲಲ್ಲಿ ಮಣ್ಣಾದ. ಸಮಾಧಾನಕ್ಕೆ ತಿಥಿಯ ಊಟ ಇಥುಂಗುವಿನ ಮನೆಯಲ್ಲಿ ಎಂದಾಯಿತು. ಬೀರಾ ನಮ್ಮ ಅಕ್ಕನ ಜೊತೆ ಇನ್ನೂ ಮಾತಾಡಿಲ್ಲ, ಆದರೆ ಊಟಕ್ಕೆ ಅವಳ ಪಕ್ಕದಲ್ಲೇ ಕೂತಳು. ಅಷ್ಟು ದಿನಗಳ ಮೇಲೆ ಉಪ್ಪು ಹಾಕಿದ ಮೀನು ಬಾಯಿಗೆ ಬಿದ್ದಾಗ ಕೆಲವರು ಅತ್ತರು. ಬಾಲುಕುವಿಗಾಗಿ ಅತ್ತರೆಂದು ಇಥುಂಗು ತಿಳಿದುಕೊಂಡಳು, ಯಾರೂ ತಿದ್ದಲಿಲ್ಲ.

ಹೊರಗೆ ಇನ್ನೂ ಸುರಿಯುತ್ತಿತ್ತು. ಥೆಂಬೊ ನನ್ನ ಎದುರಿಗೆ ಕೂತಿದ್ದ. ತುತ್ತು ಕೈಯಲ್ಲೇ ಹಿಡಿದು, "ಮುಹಿಂಡೊ, ಈಗ ಮಳೇಲಿ ಕಬುಘೊಳ ಆಳುಗಳು ಏನು ಮಾಡ್ತಿರ್ತವೆ?" ಎಂದು ಕೇಳಿದ.

ಅದೂ ಪಾಠದಲ್ಲಿ ಬಂದಿತ್ತು. ನೀರಾನೆಗಳು ಬರುವ ಸ್ವಲ್ಪ ಮುಂಚೆ ಮೇಷ್ಟ್ರು ಹೇಳಿದ್ದರು: ಸಿಹಿನೀರು ತಾಗಿದರೆ ಅವು ಊದಿಕೊಂಡು ಒಡೆದು ಹೋಗುತ್ತವೆ, ಸತ್ತವುಗಳಿಗೆ ಲೆಕ್ಕವಿರುವುದಿಲ್ಲ. ಉಪ್ಪಿನ ಹರಳುಗಳೊಳಗೆ ಸಿಕ್ಕಿಕೊಂಡ ಕೆಲವು ಉಳಿದು, ಮುಂದಿನ ಬೇಸಿಗೆಗೆ ಮತ್ತೆ ಹುಟ್ಟಿ ಬೆಳೆಯುತ್ತವೆ.

ಥೆಂಬೊ ಕಾಯುತ್ತಿದ್ದ. ಅವನು ಕಾಯುವುದರಲ್ಲಿ ಗಟ್ಟಿಗ. ಸುತ್ತ ಎಲ್ಲರೂ ಉಣ್ಣುತ್ತಿದ್ದರು, ತಲೆಯೆತ್ತದೆ, ಬೆರಳು ನೆಕ್ಕುತ್ತ. ಅಕ್ಕ ತನ್ನ ಪಾಲಿನ ಮೀನಿನ ತಲೆಯನ್ನು ನನ್ನ ತಟ್ಟೆಗೆ ಹಾಕಿದಳು, ಹಾಕುವಾಗ ನನ್ನ ಕಾಲನ್ನು ತುಳಿದಳು. ಮನೆಯ ಆಳು ಸತ್ತರೂ ಮನೆತನಕ್ಕೆಲ್ಲ ಸೂತಕ. ಇಷ್ಟು ಆಳುಗಳನ್ನು ಎಲ್ಲಿ ಹೂಳುವುದು, ಯಾರ ಹಿತ್ತಿಲಲ್ಲಿ?

"ಅದು ನಂಗೆ ಸರಿಯಾಗಿ ಗೊತ್ತಿಲ್ಲ ಹಿರೀಕರೆ," ಎಂದೆ. "ಮೇಷ್ಟ್ರನ್ನ ಇನ್ನೊಂದ್ಸಲ ಕೇಳ್ಬೇಕು."

ಥೆಂಬೊ ತಲೆಯಾಡಿಸಿ ತುತ್ತು ಬಾಯಿಗಿಟ್ಟ. ನಾನು ಮೀನಿನ ತಲೆ ಮುರಿದೆ. ಉಪ್ಪು ಸರಿಯಾಗಿತ್ತು. ಇನ್ನೊಂದು ಸಲ ಕೇಳಬೇಕೆಂದು ಹೇಳಿದ್ದೇನಾದ್ದರಿಂದ ಮೇಷ್ಟ್ರನ್ನು ಕೇಳಲೇಬೇಕು. ಆದರೆ ಯಾವಾಗ ಎಂದು ಹೇಳಿಲ್ಲವಲ್ಲ ಎಂದುಕೊಂಡು, ಅದರಲ್ಲಿ ಮೋಸವಿದೆಯೇ ಎಂದು ಯೋಚಿಸುತ್ತ, ಮಳೆ ನಿಲ್ಲುವವರೆಗೂ ಉಂಡೆ.